ಕೊಡದ ಕಿಟಕಿ

ಆ ಊರಲ್ಲಿ ಮೂರು ಸಲ ಕೇಳಿದ್ದನ್ನು ಕೊಡಬೇಕಿತ್ತು.

ಒಂದು ಸಲ ಕೇಳಿದರೆ ಇಲ್ಲವೆನ್ನಬಹುದು. ಎರಡನೆಯ ಸಲ ಕೇಳಿದರೂ ಇಲ್ಲವೆನ್ನಬಹುದು. ಮೂರನೆಯ ಸಲ ಕೇಳಿದ ಮೇಲೆ ಇಲ್ಲವೆನ್ನುವ ನಾಲಿಗೆ ಆ ಊರಲ್ಲಿ ಹುಟ್ಟಿರಲಿಲ್ಲ. ಅದಕ್ಕೇ ಅಲ್ಲಿಯ ಜನ ಒಬ್ಬರನ್ನೊಬ್ಬರು ಏನೇ ಕೇಳಿದರೂ ಎರಡು ಸಲ ಕೇಳಿ ಸುಮ್ಮನಾಗುತ್ತಿದ್ದರು. ಮಗು ಮೂರನೆಯ ಸಲ ಬೆಲ್ಲ ಕೇಳುವ ಮೊದಲೇ ತಾಯಿ ಅದರ ಬಾಯಿಗೆ ಕೈ ಅಡ್ಡ ಇಡುತ್ತಿದ್ದಳು. ಮೂರನೆಯ ಸಲ ಕೇಳುವ ಹಕ್ಕು ಇದ್ದದ್ದು ಒಬ್ಬನಿಗೆ. ಅವನನ್ನು ಕೇಳುವಾತ ಎನ್ನುತ್ತಿದ್ದರು.

ಹೊತ್ತು ನೆತ್ತಿಗೆ ಬಂದು, ನೆರಳು ಕಾಲಡಿಗೆ ಸೇರಿಕೊಂಡಾಗ, ಕೇಳುವಾತ ಕಂಚಿನ ತಟ್ಟೆ ಹಿಡಿದು ಬರುತ್ತಿದ್ದ. ಬೆರಳ ಗೆಣ್ಣಿನಿಂದ ತಟ್ಟೆಯನ್ನು ಒಂದು ಸಲ ಬಡಿದು ಒಂದು ಸಲ ಕೇಳುತ್ತಿದ್ದ. ಎರಡನೆಯ ಸಲ ಬಡಿದು ಎರಡನೆಯ ಸಲ ಕೇಳುತ್ತಿದ್ದ. ಮೂರನೆಯ ಬಡಿತಕ್ಕೆ ಮನೆಯವರ ಕೈ ತಾನಾಗಿ ಮುಂದೆ ಬರುತ್ತಿತ್ತು. ತನಗೆಂದು ಅವನು ಏನನ್ನೂ ಕೇಳಿದವನಲ್ಲ. ಕೇಳಿದ್ದೆಲ್ಲ ಊರಿಗೆ. ಊರಿಗೆ ಯಾಕೆ ಬೇಕು ಎಂದು ಯಾರೂ ಕೇಳುತ್ತಿರಲಿಲ್ಲ.

ಒಂದು ವರ್ಷ ಹಿತ್ತಿಲ ಬಾಗಿಲುಗಳನ್ನು ಕೇಳಿದ, ಕೊಟ್ಟರು. ಒಂದು ವರ್ಷ ಜೋಗುಳಗಳನ್ನು ಕೇಳಿದ, ಕೊಟ್ಟರು. ಒಂದು ವರ್ಷ ಊರವರ ಬಾಯಲ್ಲಿದ್ದ ಎರಡು ಮಾತುಗಳನ್ನು ಕೇಳಿದ. ಜನ ಸಾಲಾಗಿ ಬಂದು ಆ ಎರಡು ಮಾತುಗಳನ್ನು ತಟ್ಟೆಯ ಮೇಲೆ ಉಸುರಿ, ಮನೆಗೆ ಹೋಗಿ ಮರೆತರು. ಆಮೇಲಿನ ವರ್ಷ ಕಿಟಕಿಗಳನ್ನು ಕೇಳಿದ.

ಊರೆಂದರೆ ಒಂದೇ ಬೀದಿ. ಮಣ್ಣಿನ ಮನೆಗಳು ಗೋಡೆಗೆ ಗೋಡೆ ಹಂಚಿಕೊಂಡು ಸಾಲಾಗಿ ನಿಂತಿದ್ದವು. ಪಡುವಣ ತುದಿಯಿಂದ ಒಂದೊಂದೇ ಕಿಟಕಿ ಮುಚ್ಚುತ್ತ ಬಂತು. ಮೂಡಣ ತುದಿಯ ಕೊನೆಯ ಮನೆ ಒಬ್ಬ ಹೆಂಗಸಿನದು. ಅವಳಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಕಲ್ಲುಗುಡ್ಡದಿಂದ ಏಳು ವರ್ಷ ತಲೆಯ ಮೇಲೆ ಕಲ್ಲು ಹೊತ್ತು ತಂದು ಮೂರು ಗೋಡೆ ಕಟ್ಟಿಕೊಂಡಿದ್ದಳು. ನಾಲ್ಕನೆಯದು ಪಕ್ಕದ ಬುಟ್ಟಿಯಜ್ಜನ ಮಣ್ಣಿನ ಗೋಡೆ. "ನನ್ನ ಗೋಡೆಗೇ ಒರಗಿಸಿ ಕಟ್ಕೋ ಮಗಳೇ, ಅದೂ ಯಾರಾದ್ರೂ ಒರಗಲಿ ಅಂತ ಕಾಯ್ತಾ ಇದೆ" ಎಂದಿದ್ದ ಅಜ್ಜ.

ಅವಳ ಮೂಡಣ ಗೋಡೆಯಲ್ಲಿ ಒಂದು ಕಿಟಕಿ. ಅಲ್ಲಿಂದ ಉಪ್ಪಿನ ದಾರಿ ಕಾಣುತ್ತಿತ್ತು. ಹೊರಗಿನಿಂದ ಊರಿಗೆ ಬರುವ ದಾರಿ ಅದೊಂದೇ. ಆ ಕಿಟಕಿಯ ಬೆಳಕಿನಲ್ಲೇ ಅವಳು ಉಪ್ಪು ಕಟ್ಟಿಬಂದ ಕಾಗದಗಳನ್ನು ಬಿಡಿಸಿ, ನೀವಿ, ಒಂದೊಂದೇ ಅಕ್ಷರ ಗುರುತು ಹಿಡಿದು ಓದು ಕಲಿತದ್ದು. ಯಾರೂ ಕಲಿಸಿರಲಿಲ್ಲ.

ಕೇಳುವಾತ ಬಂದು ತಟ್ಟೆ ಬಡಿದ. "ಕಿಟಕಿ ಕೊಡು ತಾಯಿ."

"ಇಲ್ಲ."

ಎರಡನೆಯ ಸಲ ಬಡಿದ. "ಕಿಟಕಿ ಕೊಡು."

"ಇಲ್ಲ ಯಜಮಾನರೇ."

ಮೂರನೆಯ ಸಲ ಬಡಿದ. ಬೀದಿಯವರೆಲ್ಲ ಆಗಲೇ ಮನೆ ಕಡೆ ತಿರುಗಿದ್ದರು. ಆಗುವುದು ಆಗಿಹೋಯಿತು ಎಂದೇ ಅವರ ಲೆಕ್ಕ.

"ಕೊಡಲ್ಲ" ಎಂದಳು.

ತಿರುಗಿದವರು ಹಾಗೇ ನಿಂತರು. ಕೇಳುವಾತನ ಬೆರಳು ತಟ್ಟೆಯ ಮೇಲೆ ಹಾಗೇ ನಿಂತಿತು.

ಬುಟ್ಟಿಯಜ್ಜ ಬಂದು ಪಿಸುಗುಟ್ಟಿದ: "ಕೊಟ್ಬಿಡು ಮಗಳೇ. ನಾನು ಕೊಡಲಿಲ್ವಾ? ಕೊಟ್ಟು ಸತ್ತಿದೀನಾ?"

"ಸತ್ತಿಲ್ಲ ಅಜ್ಜ. ಆದ್ರೆ ಆವತ್ತಿಂದ ಕೆಮ್ತಾ ಇದೀಯ."

"ಕೆಮ್ಮು ಯಾರಿಗಿಲ್ಲ?" ಎಂದು ಅಜ್ಜ ನಕ್ಕ, ನಗು ಕೆಮ್ಮಾಯಿತು.

ಅವಳನ್ನು ಏನು ಮಾಡಬೇಕೆಂದು ಊರಿಗೆ ತಿಳಿಯಲಿಲ್ಲ. ಕೊಡದ್ದನ್ನು ಕಿತ್ತುಕೊಳ್ಳುವಂತಿರಲಿಲ್ಲ, ಕೊಡುವತನಕ ಆ ಕಿಟಕಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ಶಿಕ್ಷೆಯೇನೋ ಆ ಊರಲ್ಲಿತ್ತು: ತಪ್ಪಿತಸ್ಥರ ಬಾಗಿಲಿಗೆ ಮಣ್ಣು. ದಿನವೂ ಹೊತ್ತು ನೆತ್ತಿಗೆ ಬಂದಾಗ ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯ ಗೋಡೆಯಿಂದ ಒಂದು ಹಿಡಿ ಮಣ್ಣು ಕೆರೆದು ತಂದು ಆ ಬಾಗಿಲಿಗೆ ಮೆತ್ತಬೇಕು, ಬಾಗಿಲು ಗೋಡೆಯಾಗುವತನಕ. ಸ್ವಂತ ಗೋಡೆಯ ಮಣ್ಣೇ ಆಗಬೇಕು, ಇಲ್ಲದಿದ್ದರೆ ಜನ ಸುಮ್ಮಸುಮ್ಮನೆ ಶಿಕ್ಷೆ ಕೊಟ್ಟಾರು ಎಂದು ಹಿರಿಯರು ಮಾಡಿದ ಕಟ್ಟಳೆ. ಆದರೆ ಕಳ್ಳಿ ಎಂದೋ ಸುಳ್ಳಿ ಎಂದೋ ತಪ್ಪಿನ ಹೆಸರು ಹೇಳಿ ಮಣ್ಣು ಮೆತ್ತಬೇಕು. ಇವಳ ತಪ್ಪಿಗೆ ಹೆಸರಿರಲಿಲ್ಲ. ಹೆಸರಿಲ್ಲದ ತಪ್ಪಿಗೆ ಎತ್ತಿದ ಮಣ್ಣು ಕೈಯಲ್ಲೇ ಉಳಿಯಿತು.

ಹೀಗೆ ಕೆಲವು ದಿನ ಕಳೆದ ಮೇಲೆ ಉಪ್ಪಿನವನು ಕತ್ತೆ ಹೊಡೆದುಕೊಂಡು ಬಂದ. ಕೇಳುವಾತ ಅವನ ಮುಂದೆ ತಟ್ಟೆ ಬಡಿದ: "ಎಷ್ಟು ಕೇಳಿದರೂ ಬಗ್ಗದವರಿಗೆ ಹೊರಗಿನವರು ಏನಂತಾರೆ? ಆ ಮಾತು ಕೊಡು."

ಉಪ್ಪಿನವನು ಮೂರು ಬಡಿತ ಕಾಯಲಿಲ್ಲ. ಅವನಿಗೆ ಉಪ್ಪು ಮಾರಿ ಹೊರಟರೆ ಸಾಕಿತ್ತು. "ಇಂಗ್ಲಿಷಿನಲ್ಲಿ ಒಂದು ಮಾತಿದೆ ಯಜಮಾನರೇ. ಆಬ್ಸ್ಟಿನೇಟ್" ಎಂದ. ಇದ್ದಲಿನಿಂದ ಅವಳ ಬಾಗಿಲ ಮೇಲೆ ಅದನ್ನು ಬರೆದೂ ಕೊಟ್ಟ. ಜನ ಅದನ್ನು ಬಾಯಲ್ಲಿ ಆಡಿಸಿ ನೋಡಿದರು. ಬಾಯಿಗೆ ಕಲ್ಲು ಸಿಕ್ಕಂತಾಯಿತು. ಸಿಕ್ಕಿದರೂ ಉಗುಳಲಿಲ್ಲ.

ಉಪ್ಪಿನವನು ಹೋಗುವಾಗ ಅವಳು ಕಿಟಕಿಯಿಂದ ಕರೆದಳು. "ಏನಯ್ಯಾ, ನನ್ನ ಬಾಗಿಲ ಮೇಲೆ ಏನೋ ಬರೆದೆಯಂತೆ. ನನಗೆ ಮಾತ್ರ ಕಾಣದ ಹಾಗೆ. ಇಲ್ಲೂ ಬರಿ."

ಅವನು ನಾಚಿಕೊಂಡು ಕಿಟಕಿಯ ಕಲ್ಲಿನ ಮೇಲೆ ಬರೆದ. ಒಂಬತ್ತು ಇಂಗ್ಲಿಷ್ ಅಕ್ಷರ. ಅವಳು ಬೆರಳಿನಿಂದ ಒಂದೊಂದನ್ನೂ ತಿದ್ದಿದಳು.

"ಅರ್ಥ?"

"ಅರ್ಥ ಏನು ಹೇಳ್ಲಿ ಅಕ್ಕ. ಹೇಗೆ ಬಳಸ್ತಾರೆ ಅಂತ ಹೇಳ್ತೀನಿ. ಹೊಡೆದ್ರೂ ಕದಲದ ಈ ನನ್ನ ಕತ್ತೆಗೆ ಹೇಳ್ತಾರೆ. ತೊಳೆದ್ರೂ ಹೋಗದ ಕಲೆಗೆ ಹೇಳ್ತಾರೆ. ಕಷಾಯಕ್ಕೂ ಜಗ್ಗದ ಕೆಮ್ಮಿಗೆ ಹೇಳ್ತಾರೆ. ಮನುಷ್ಯರಿಗೂ ಹೇಳ್ತಾರೆ."

"ಬೈಯೋಕೋ, ಹೊಗಳೋಕೋ?"

"ಬೈಯೋಕೇ. ಒಂದು ಮಾತು ಮಾತ್ರ ನಿಜ, ಎಷ್ಟೋ ಊರು ತಿರುಗಿದೀನಿ, ಯಾರೂ ಇದನ್ನ ತಮ್ಮ ಮೇಲೆ ತಾವೇ ಹೇಳ್ಕೊಂಡಿದ್ದು ನಾನು ಕೇಳಿಲ್ಲ." ಕತ್ತೆಯ ಬೆನ್ನು ತಟ್ಟಿ ಅವನು ದಾರಿ ಹಿಡಿದ. ಹಿಂದಿರುಗಿ ನೋಡಲಿಲ್ಲ.

ಮರುದಿನ ಹೊತ್ತು ನೆತ್ತಿಗೆ ಬಂದಾಗ ಕೇಳುವಾತ ಬಂದ. ಮೂರು ಸಲ ಬಡಿದ, ಮೂರು ಸಲ ಕೇಳಿದ, ಮೂರು ಸಲವೂ ಇಲ್ಲವೆಂಬ ಉತ್ತರ ಪಡೆದ. ಅವನ ಹಿಂದೆ ಊರು ಸಾಲಾಗಿ ಬಂತು. ಒಬ್ಬೊಬ್ಬರೂ "ಆಬ್ಸ್ಟಿನೇಟ್" ಎಂದು ಒಂದೊಂದು ಹಿಡಿ ಮಣ್ಣು ಮೆತ್ತಿದರು. ಮೊದಲ ದಿನವೇ ಬರಹ ಮುಚ್ಚಿಹೋಯಿತು. ಮಾತು ಮಾತ್ರ ಬಾಯಲ್ಲಿ ಉಳಿಯಿತು.

ಸಾಲಿನಲ್ಲಿ ಮನೆಮನೆಗೆ ನೀರು ಹೊರುವವಳೂ ಇದ್ದಳು. ಅಜ್ಜನ ಆಚೆಯ ಮನೆ ಅವಳದು. ಎಡಗೈಯಿಂದ ಬಾಗಿಲಿಗೆ ಮಣ್ಣು ಮೆತ್ತಿ, ಮೂಲೆ ತಿರುಗಿ, ಬಲಗೈಯಿಂದ ಕಿಟಕಿಗೆ ಒಂದು ಚೆಂಬು ನೀರು, ಎರಡು ರೊಟ್ಟಿ ಚಾಚುತ್ತಿದ್ದಳು.

"ಏನೇ, ಕಿಟಕಿ ಉಂಡು ಬದುಕ್ತೀಯಾ? ಹಿಡಿ, ಬೇಗ."

"ಮಣ್ಣೂ ನೀನೇ ಹಾಕಿ, ನೀರೂ ನೀನೇ ಕೊಡ್ತೀಯಲ್ಲೇ."

"ಮಣ್ಣು ಊರಿನದು. ನೀರು ನನ್ನದು. ಎರಡನ್ನೂ ಕಲಸ್ಬೇಡ" ಎನ್ನುತ್ತಿದ್ದಳು ನೀರಿನವಳು. ಅವಳ ಕೈ ಯಾವಾಗಲೂ ಒದ್ದೆ, ಯಾವಾಗಲೂ ತಣ್ಣಗೆ.

ಬಾಗಿಲು ಗೋಡೆಯಾಯಿತು. ಬಾಗಿಲು ಮುಗಿದ ಮೇಲೂ ಸಾಲು ನಿಲ್ಲಲಿಲ್ಲ. ಕಲ್ಲಿನ ಗೋಡೆಗಳ ಮೇಲೆ ಮೆತ್ತಿದರು, ಮಾಡಿನ ಮೇಲೆ ಮೆತ್ತಿದರು. ಮುಟ್ಟದೆ ಬಿಟ್ಟದ್ದು ಕಿಟಕಿಯೊಂದೇ. ಒಳಗೆ ಅವಳಿಗೆ ಮೇಲಿನಿಂದ ಮಣ್ಣಿನ ಭಾರ ಇಳಿಯುವುದು ಕೇಳುತ್ತಿತ್ತು, ಯಾವುದೋ ದೊಡ್ಡ ಪ್ರಾಣಿ ಮನೆಯ ಮೇಲೆ ಮಲಗಿ ನಿಧಾನವಾಗಿ ಉಸಿರು ಬಿಡುತ್ತಿರುವ ಹಾಗೆ.

ಇಷ್ಟರಲ್ಲಿ ಆ ಮಾತಿಗೆ ಹಸಿವಾಯಿತು. ಬಾಯಿಗೆ ಬಂದ ಮಾತು ಬರೀ ಒಬ್ಬಳ ಮೇಲೆ ನಿಂತೀತೆ? ಒಬ್ಬಳು ಬಟ್ಟೆಯ ಮೇಲಿನ ಕಲೆ ಹೋಗದಿದ್ದಾಗ ಆಬ್ಸ್ಟಿನೇಟ್ ಎಂದಳು. ಪಕ್ಕದವರು ನಿಂತು ನೋಡಿದರು. ಹೆಸರು ಹೇಳಿದ ಮೇಲೆ ಮಣ್ಣು ಮೆತ್ತಲೇಬೇಕು. ಬಟ್ಟೆಗೆ ಮಣ್ಣು ಮೆತ್ತಿದರು. ಬಿಚ್ಚದ ಗಂಟಿಗೆ ಮೆತ್ತಿದರು, ಬೇಯದ ಕಾಳಿನ ಮಡಕೆಗೆ ಮೆತ್ತಿದರು. ಆಮೇಲೆ ಒಬ್ಬ ಮುದುಕಿ ಕಿವಿ ಕೇಳದೆ "ಏನು? ಏನು?" ಎಂದು ಎರಡು ಸಲ ಕೇಳಿ ಮೂರನೆಯ ಸಲ ಬಾಯಿ ತೆರೆದಾಗ ಯಾರೋ ಆ ಮಾತು ಹೇಳಿದರು. ಮುದುಕಿಯ ಬಾಗಿಲಿಗೆ ಮಣ್ಣು ಬಿತ್ತು.

ಊರು ಹೆದರಿತು. ಹೆದರಿದಷ್ಟೂ ಮಾತು ಬೇಗ ಬೇಗ ಬಾಯಿಗೆ ಬಂತು, ತನ್ನ ಮೇಲೆ ಬೀಳುವ ಮೊದಲು ಇನ್ನೊಬ್ಬರ ಮೇಲೆ ಬೀಳಲಿ ಎಂದು. ಜನ ಬಿಕ್ಕಳಿಕೆ ನುಂಗಿಕೊಂಡರು. ಕುಂಟುವವರು ಕುಂಟದಂತೆ ನಡೆಯಲು ಹೋಗಿ ಬಿದ್ದರು. ಬಿದ್ದವರು ಬೇಗ ಏಳಲಾರದೆ ಹೆಸರು ಪಡೆದರು. ಪ್ರತಿ ಮಧ್ಯಾಹ್ನ ಮೆತ್ತಬೇಕಾದ ಬಾಗಿಲುಗಳು ಹೆಚ್ಚಿದವು, ಹೊರಬೇಕಾದ ಮಣ್ಣು ಹೆಚ್ಚಿತು. ಬೀದಿಯ ಕಡೆಯ ಗೋಡೆ ಕೆರೆದರೆ ಕಾಣುತ್ತದೆಂದು ಎಲ್ಲರೂ ಒಳಗಿನ ಗೋಡೆಗಳನ್ನೇ ಕೆರೆದರು. ನೆರೆಮನೆಯವರೂ ಅತ್ತ ಕಡೆಯಿಂದ ಅದೇ ಗೋಡೆಯನ್ನು ಕೆರೆಯುತ್ತಿದ್ದಾರೆಂದು ಯಾರಿಗೂ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಅವಳು ಕಿಟಕಿಯ ಬಳಿ ಕೂತಿದ್ದಾಗ ಬೀದಿಯಿಂದ ಮಣ್ಣು ಮೆತ್ತುವ ಸದ್ದು ಬಂತು, ತನ್ನ ಬಾಗಿಲಿನದಲ್ಲ, ಪಕ್ಕದ್ದು. ಗೋಡೆಗೆ ಕಿವಿಯಿಟ್ಟಳು.

"ಅಜ್ಜಾ! ಏನಾಯ್ತು?"

"ಏನಿಲ್ಲ ಮಗಳೇ" ಎಂದಿತು ಗೋಡೆಯಾಚೆಯ ದನಿ. "ಕೆಮ್ಮು ನಿಲ್ಸಪ್ಪ ಅಂದ್ರು. ಎರಡು ಸಲ ಅಂದ್ರು. ನಾನೂ ಕೆಮ್ಮಿಗೆ ಅದನ್ನೇ ಹೇಳ್ದೆ. ಅದು ಕೇಳಬೇಕಲ್ಲ."

"ನಿನಗೆ ಕಿಟಕಿಯೂ ಇಲ್ಲ."

"ಕೊಟ್ಟೆನಲ್ಲ."

ಒಂದು ದಿನ ಕೆಮ್ಮು ಕೇಳಿಸಿತು. ಎರಡನೆಯ ದಿನ ಸಣ್ಣದಾಗಿ ಕೇಳಿಸಿತು. ಮೂರನೆಯ ದಿನ ಬೆಳಿಗ್ಗೆ ಅವಳು ಅದಕ್ಕಾಗಿ ಕಾದು ಕೂತಳು, ಕೇಳಿಸಲಿಲ್ಲ. ಆಗ ಅವಳಿಗೆ ಭಯವಾಯಿತು. ತನ್ನ ಬಾಗಿಲು ಮುಚ್ಚಿದ ದಿನವೂ ಆಗದ ಭಯ. ಸೌಟಿನ ಹಿಡಿಯಿಂದ ಗೋಡೆಯನ್ನು ಕುಟ್ಟಿದಳು. ಒಂದು ದಿನವಾದರೂ ಬೇಕೆಂದುಕೊಂಡಿದ್ದಳು. ನಾಲ್ಕನೆಯ ಏಟಿಗೇ ಕೈ ಆಚೆ ಹೋಯಿತು. ಗೋಡೆ ಹಪ್ಪಳದಷ್ಟು ತೆಳ್ಳಗಾಗಿತ್ತು. ಆಚೆ ಕತ್ತಲಲ್ಲಿ ಅಜ್ಜ ಬುಟ್ಟಿಗಳ ನಡುವೆ ಬಾಯಿಗೆ ಬಟ್ಟೆ ತುರುಕಿಕೊಂಡು ಕೂತಿದ್ದ.

ಅವನನ್ನು ಎಳೆದು ತಂದು ಕಿಟಕಿಯ ಕೆಳಗೆ ಒರಗಿಸಿದಳು. ಬಾಯಿಂದ ಬಟ್ಟೆ ತೆಗೆದಳು. "ಕೆಮ್ಮು ಅಜ್ಜ, ಜೋರಾಗಿ ಕೆಮ್ಮು" ಎಂದಳು. ಅಜ್ಜ ಕೆಮ್ಮಿದ. ಎಷ್ಟೋ ಹೊತ್ತು ಕೆಮ್ಮಿ, ಕಣ್ಣೊರೆಸಿಕೊಂಡು, "ಬೆಳಕು ಹೀಗಿರುತ್ತೆ ಅನ್ನೋದೇ ಮರೆತಿತ್ತು" ಎಂದ.

ಆಮೇಲಿನ ವಾರ ನೀರಿನವಳು ಕಿಟಕಿಗೆ ಬರಲಿಲ್ಲ. ಅವಳ ಎಳೆಮಗುವಿನ ಅಳು ನಿಂತಿರಲಿಲ್ಲ, ಯಾರೋ ಮಾತು ಹೇಳಿದ್ದರು. ಅಜ್ಜನ ಆಚೆ ಗೋಡೆಯನ್ನು ಒಡೆದು ತಾಯಿ ಮಗುವನ್ನು ಕರೆತಂದರು. ಅದರಾಚೆಯ ಗೋಡೆ ಒಡೆದರು. ಅದರಾಚೆಯದು. ಒಂದೊಂದು ಮನೆಯ ಕತ್ತಲಿಂದ ಒಬ್ಬೊಬ್ಬರು ತೆವಳಿಕೊಂಡು ಬಂದು ಆ ಒಂದೇ ಕಿಟಕಿಯ ಬೆಳಕಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಹೊರಗೆ ಕೇಳುವಾತ ಮಾತ್ರ ಹೊತ್ತು ತಪ್ಪಲಿಲ್ಲ. ಬಾಗಿಲಿಲ್ಲದ ಗೋಡೆಯ ಮುಂದೆ ದಿನವೂ ಮೂರು ಸಲ ಬಡಿದು ಮೂರು ಸಲ ಕೇಳಿ ಹೋಗುತ್ತಿದ್ದ.

ಮಣ್ಣು ಮೆತ್ತತೊಡಗಿ ನಲವತ್ತನೆಯ ಮಧ್ಯಾಹ್ನ ಪಡುವಣ ಗಾಳಿ ಎದ್ದಿತು. ಪ್ರತಿ ವರ್ಷ ಬರುವ ಗಾಳಿಯೇ. ಹಿಂದಿನ ವರ್ಷಗಳಲ್ಲಿ ಗೋಡೆಗಳಿದ್ದವು. ಈ ಸಲ ಪಡುವಣ ತುದಿಯ ಮನೆ ಕಾಗದದ ಹಾಗೆ ಮಡಚಿಕೊಂಡಿತು. ಅದು ಪಕ್ಕದ್ದರ ಮೇಲೆ ಬಿತ್ತು, ಪಕ್ಕದ್ದು ಅದರ ಪಕ್ಕದ್ದರ ಮೇಲೆ. ಬೀದಿಯ ತುಂಬ ಧೂಳೆದ್ದು ನಡುಹಗಲಿನಲ್ಲಿ ಸೂರ್ಯ ಕೆಂಪಗಾದ. ಬೀಳದೆ ನಿಂತದ್ದು ಕಲ್ಲಿನ ಮೇಲೆ ಇಡೀ ಊರಿನ ಮಣ್ಣನ್ನು ಹೊದ್ದಿದ್ದ ಮನೆ ಒಂದೇ.

ಹೊರಗುಳಿದಿದ್ದವರು ಕಿಟಕಿಗೆ ಓಡಿಬಂದರು. "ಒಳಗೆ ಕರ್ಕೊಳ್ಳೇ ತಾಯಿ!" ಎಂದರು. ಅವಳು ಕೈ ಚಾಚಿ ಎಳೆದುಕೊಂಡಳು. ಮಣ್ಣು ಮೆತ್ತಿದ ಕೈಗಳನ್ನೇ ಹಿಡಿದು ಎಳೆದುಕೊಂಡಳು. ಒಬ್ಬರೂ ಎರಡನೆಯ ಸಲ ಕೇಳಬೇಕಾಗಲಿಲ್ಲ.

ಕೊನೆಗೆ ಬಂದವನು ಕೇಳುವಾತ. ಕೈಯಲ್ಲಿ ತಟ್ಟೆ ಇತ್ತು. ಕಿಟಕಿಯಿಂದ ನಾಲ್ಕು ಹೆಜ್ಜೆ ದೂರ ನಿಂತ.

"ಒಳಗೆ ಬರಲಾ?" ಎಂದ. ತಟ್ಟೆ ಬಡಿಯಲಿಲ್ಲ.

ಅವಳ ಕೈ ಕಿಟಕಿಯ ಕಲ್ಲಿನ ಮೇಲೇ ಇತ್ತು.

ಹಂಚೊಂದು ಹಾರಿ ಬಂದು ಅವನ ಹಣೆಗೆ ತಾಗಿತು. "ಒಳಗೆ ಬರಲಾ ತಾಯಿ?" ಎಂದ.

"ಕೈ ಕೊಡು ಮಗಳೇ" ಎಂದ ಬುಟ್ಟಿಯಜ್ಜ ಕೆಳಗಿನಿಂದ.

"ಎರಡು ಸಲ ಆಯ್ತು. ನಲವತ್ತು ದಿನ ನನ್ನ ಮೂರು ಮೂರು ಸಲ ಕೇಳಿದಾರೆ. ಇನ್ನೊಂದೇ ಸಲ ಕೇಳಲಿ, ಕೊಡ್ತೀನಿ."

ಹೊರಗೆ ಕೇಳುವಾತ ಬಾಯಿ ತೆರೆದ. ಇಡೀ ಬದುಕು ಮೂರನೆಯ ಸಲ ಕೇಳುವುದೇ ಅವನ ಕೆಲಸವಾಗಿತ್ತು. ತನಗೆಂದು ಒಮ್ಮೆಯೂ ಕೇಳಿರಲಿಲ್ಲ. ಬಾಯಿ ತೆರೆದೇ ಇತ್ತು. ಮಾತು ಬರಲಿಲ್ಲ. ಧೂಳು ಅವನನ್ನು ಮುಚ್ಚಿತು.

ಗಾಳಿ ನಿಂತಾಗ ಅವನು ಅಲ್ಲೇ ನಿಂತಿದ್ದ. ಬಿದ್ದಿರಲಿಲ್ಲ, ಓಡಿರಲಿಲ್ಲ. ತಲೆಯಿಂದ ಕಾಲಿನವರೆಗೆ ಮಣ್ಣು. ಕೈಯಲ್ಲಿ ತಟ್ಟೆ, ತಟ್ಟೆಯ ತುಂಬ ಮಣ್ಣು. ಬಾಯಿ ಮೂರನೆಯ ಮಾತಿಗೆಂದು ತೆರೆದಷ್ಟೇ ತೆರೆದಿತ್ತು.

ಎರಡಕ್ಕೇ ಕೈ ಚಾಚಬಹುದಿತ್ತು ಎಂಬುದು ಅವಳಿಗೆ ಆಗ ಹೊಳೆಯಿತು. ಮೂರಕ್ಕೆ ಕಾಯಬೇಕು ಎಂದು ಅವಳಿಗೆ ಯಾರು ಹೇಳಿದ್ದರು?

"ಒಳಗೆ ಬನ್ನಿ ಯಜಮಾನರೇ" ಎಂದು ಕರೆದಳು.

"ಬನ್ನಿ ಯಜಮಾನರೇ."

ಮೂರನೆಯ ಸಲ ಕಿಟಕಿಯಿಂದ ಹೊರಗೆ ಬಾಗಿ ಕರೆದಳು. "ಬನ್ನಿ."

ಅವನು ಬರಲಿಲ್ಲ. ರೆಪ್ಪೆ ಒಂದು ಸಲ ಅಲುಗಿತು, ಅದರಿಂದ ಸ್ವಲ್ಪ ಮಣ್ಣು ಉದುರಿತು.

"ನಮ್ಮಜ್ಜಿ ಹತ್ರ ಎರಡು ಮಾತಿದ್ವು ಮಗಳೇ" ಎಂದ ಬುಟ್ಟಿಯಜ್ಜ ಮೆಲ್ಲಗೆ. "ಬಗ್ಗದವರನ್ನ ಬೈಯೋಕೆ ಒಂದು. ಬಗ್ಗದವರನ್ನ ಮೆಚ್ಚೋಕೆ ಒಂದು. ಯಾವುದು ಯಾವಾಗ ಅನ್ನೋದು ಅಜ್ಜಿಗೆ ಗೊತ್ತಿತ್ತು. ತಟ್ಟೆಗೆ ಹಾಕಿಬಿಟ್ವಲ್ಲ, ಎರಡೂ."

"ಈಗ ಒಂದೇ ಇದೆ" ಎಂದರು ಯಾರೋ ಹಿಂದಿನಿಂದ. "ಮೂರು ಸಲ ಕರೆದ್ರೂ ಬರಲಿಲ್ಲ ನೋಡಿ ಅವನು." ಆಮೇಲೆ ಆ ಮಾತು ಬಂತು. ಒಬ್ಬರ ಬಾಯಿಂದ ಬಂತು, ಇನ್ನೊಬ್ಬರ ಬಾಯಿಂದ ಬಂತು, ಕೋಣೆಯ ತುಂಬ ಪಿಸುಪಿಸು ಹರಿದಾಡಿತು. ಅವಳ ನಾಲಿಗೆಯ ತುದಿಗೂ ಬಂದಿತ್ತು. ಯಾರ ಮೇಲೆ ಹೇಳಬೇಕೆಂದು ತಿಳಿಯದೆ ನುಂಗಿದಳು. ಕಿಟಕಿಯ ಕಲ್ಲಿನ ಮೇಲೆ ಒಂಬತ್ತು ಅಕ್ಷರಗಳು ಅವಳ ಅಂಗೈಯ ಕೆಳಗಿದ್ದವು.

ಬೆನ್ನ ಹಿಂದೆ ಕೆರೆಯುವ ಸದ್ದು ಕೇಳಿಸಿತು. ಅಜ್ಜನ ಗೋಡೆಯ ಉಳಿದ ಮಣ್ಣನ್ನು ಉಗುರುಗಳು ಕೆರೆಯುತ್ತಿದ್ದವು. ಅವಳು ತಿರುಗಿ ನೋಡಲಿಲ್ಲ. ಎರಡು ಕೈಗಳಿಂದ ಚೌಕಟ್ಟು ಹಿಡಿದು ಕಿಟಕಿಯ ತುಂಬ ನಿಂತಳು.

"ಪಕ್ಕಕ್ಕೆ ಸರಿ ತಾಯಿ, ಅವನಿಗೆ ಮಣ್ಣು ಹಾಕ್ಬೇಕು" ಎಂದರು.

"ಇಲ್ಲ."

"ಕಿಟಕಿ ಬಿಡು."

"ಇಲ್ಲ."

ಮೂರನೆಯ ಸಲ ಕೇಳುವ ಹಕ್ಕು ಆ ಊರಲ್ಲಿ ಒಬ್ಬನಿಗೇ ಇತ್ತು. ಅವನು ಹೊರಗೆ ಬಾಯಿ ತೆರೆದು ನಿಂತಿದ್ದ. ಒಳಗೆ ಎಲ್ಲರೂ ಒಟ್ಟಿಗೆ, ಒಂದೇ ದನಿಯಲ್ಲಿ, ಮೂರನೆಯ ಸಲ ಕೇಳಿದರು.

"ಕೊಡಲ್ಲ" ಎಂದಳು. ಚೌಕಟ್ಟಿನಿಂದ ಬಲಗೈ ಬಿಡಿಸಿ ಹೊರಗೆ ಚಾಚಿದಳು, ನಾಲ್ಕು ಹೆಜ್ಜೆ ದೂರದ ಅವನ ಕಡೆಗೆ, ಆದಷ್ಟು ದೂರ.

ಮೊದಲನೆಯ ಹಿಡಿ ಅವಳ ಬೆನ್ನಿಗೆ ಬಿತ್ತು. ಮಣ್ಣು ಒದ್ದೆಯಾಗಿತ್ತು, ತಣ್ಣಗಿತ್ತು. ಕಿಟಕಿಗೆ ಚೆಂಬು ಚಾಚುತ್ತಿದ್ದ ಕೈಯದೆಂದು ಅವಳಿಗೆ ತಿಳಿಯಿತು. ಚಾಚಿದ ಕೈಯನ್ನು ಅವಳು ಹಿಂದಕ್ಕೆ ತೆಗೆಯಲಿಲ್ಲ.